ಕಾಳು ಕಡಿದು ನೋಡುವ ಹಲ್ಲು

ಈ ಅಧ್ಯಾಯದಲ್ಲಿ ಬರುವ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆ ವರ್ಷ ನನಗೆ ಏಳು ತುಂಬಿತ್ತೋ ಎಂಟೋ, ಖಾತ್ರಿಯಿಲ್ಲ. ಅಡ್ಡಮಳೆ ಬಿದ್ದದ್ದು ಒಂದು ದಿನವೋ ಎರಡು ದಿನವೋ, ಅದೂ ಗೊತ್ತಿಲ್ಲ. ದವಾಖಾನೆಗೆ ಹೋದ ಬಂಡಿಯಲ್ಲಿ ನಾನೂ ಇದ್ದೆ ಎಂದು ನನಗೆ ನಿಚ್ಚಳವಾಗಿ ನೆನಪಿದೆ. ನನ್ನನ್ನು ಕರೆದುಕೊಂಡೇ ಹೋಗಿರಲಿಲ್ಲ ಎಂದು ತಮ್ಮ ವಾದಿಸುತ್ತಾನೆ. ಅವನು ಆಗ ತೊಟ್ಟಿಲ ಕೂಸು, ಹಾಗಾಗಿ ಅವನ ಮಾತನ್ನೂ ನಂಬುವಂತಿಲ್ಲ. ದಿನಚರಿ ಬರೆಯಲು ನಾನು ಶುರುಮಾಡಿದ್ದು ಧಾರವಾಡದಲ್ಲಿ ಕಾಲೇಜು ಸೇರಿದ ಮೇಲೆ. ಮೊದಲ ವರ್ಷದ ವಹಿಯಲ್ಲಿ ಆಯಿಯ ಹಲ್ಲಿನ ಬಗ್ಗೆ ಎರಡು ಪುಟಗಳಿವೆ. ಅದರ ಕೊನೆಗೆ "ಆಗ ನನಗೆ ಏನೂ ತಿಳಿಯುತ್ತಿರಲಿಲ್ಲ" ಎಂದು ಬರೆದು ಅಡಿಗೆರೆ ಎಳೆದಿದ್ದೇನೆ. ಹತ್ತೊಂಬತ್ತರ ಹುಡುಗಿ ಅಡಿಗೆರೆ ಎಳೆದು ಬರೆದ ಆ ವಾಕ್ಯವನ್ನು ನಾನು ಈಗ ನಂಬುವುದಿಲ್ಲ. ಅದಕ್ಕೇ ಮತ್ತೊಮ್ಮೆ ಬರೆಯುತ್ತಿದ್ದೇನೆ.

ನಮ್ಮ ಮನೆ ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿ, ಎರಡು ಹರದಾರಿ ದೂರದ ಎರೆಹೊಲಗಳ ಊರಿನಲ್ಲಿತ್ತು. ತಲೆಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಅದಕ್ಕಿಂತ ಮೊಳ ಎತ್ತರದಲ್ಲಿ ಪಡಸಾಲೆ, ಆಚೆ ನಡುಮನೆ, ದೇವರ ಕೋಣೆ, ಕೊನೆಗೆ ಹೊಗೆ ಹಿಡಿದ ಅಡುಗೆಮನೆ. ಎತ್ತುಗಳು ಮೆಲುಕು ಹಾಕುವ ಸದ್ದು ಕೇಳುತ್ತ ನಾವು ಊಟ ಮಾಡುತ್ತಿದ್ದೆವು. ಅಂಗಳದ ನಡುವೆ ಹಗೇವು. ಇಂದಿನ ಹುಡುಗರು ಹಗೇವನ್ನು ನೋಡಿರಲಿಕ್ಕಿಲ್ಲ. ಅದು ಜೋಳ ತುಂಬಿಡಲು ನೆಲದಲ್ಲಿ ತೋಡಿದ ಆಳವಾದ ಕುಣಿ, ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಸುತ್ತ ಜೋಳದ ಒಣದಂಟಿನ ಸೊಪ್ಪೆ, ಹೊಟ್ಟು ಒತ್ತಿ, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಜೋಳ ಎರಡು ಮೂರು ವರ್ಷ ಕೆಡುತ್ತಿರಲಿಲ್ಲ. ಆದರೆ ಒಳಗೆ ಹೋಗುವ ಕಾಳಿನಲ್ಲಿ ಹಸಿ ಇರಕೂಡದು. ಇದ್ದರೆ ಕಾಳು ಒಳಗೊಳಗೇ ಕಾದು, ಮುಗ್ಗಿ, ಕಪ್ಪು ಹೆಂಟೆಯಾಗುತ್ತದೆ. ಹಸಿ ಇದೆಯೋ ಇಲ್ಲವೋ ಎಂದು ನೋಡುವುದಕ್ಕೆ ಪ್ರತಿ ಮನೆಯಲ್ಲೂ ಹಿರಿಯಳ ಹಲ್ಲೇ ಇದ್ದದ್ದು. ಕಾಳನ್ನು ದವಡೆಯಲ್ಲಿಟ್ಟು ಕಡಿದಾಗ ಕಟ್ ಎಂದು ಎರಡು ಹೋಳಾದರೆ ಒಣಗಿದೆ. ಪಚ್ ಎಂದು ಚಪ್ಪಟೆಯಾದರೆ ಇನ್ನೂ ಬಿಸಿಲು ಬೇಕು. ನಮ್ಮ ಮನೆಯಲ್ಲಿ ಆ ಹಲ್ಲು ಆಯಿಯದು.

ಆಯಿ ಎಂದರೆ ಅಪ್ಪನ ತಾಯಿ, ಬಸಲಿಂಗವ್ವ. ಅವಳ ತವರು ಕಿತ್ತೂರಿನ ಕಡೆ, ಭತ್ತ ಬೆಳೆಯುವ ಸೀಮೆ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಮನೆಯವರು ಅವಳನ್ನು ಅನ್ನ ತಿನ್ನುವ ಹಲ್ಲಿನವಳು ಎಂದು ಹಂಗಿಸುತ್ತಿದ್ದರಂತೆ. ಎರಡು ದಿನದ ಒಣರೊಟ್ಟಿಯನ್ನು ಮುರಿಯಲಾರದೆ ಅತ್ತಳಂತೆ. ಅದೇ ಛಲಕ್ಕೆ ಆಕೆ ನೆನೆಸದ ಕಡಲೆ ಕಡಿದಳು, ಕಬ್ಬನ್ನು ಕುಡುಗೋಲಿಲ್ಲದೆ ಸೀಳಿದಳು, ಕೊನೆಗೆ ಅತ್ತೆಯ ಹಲ್ಲು ಹೋದ ವರ್ಷ ಹಗೇವಿನ ಕಾಳು ಕಡಿಯುವ ಹಕ್ಕು ಅವಳಿಗೆ ಬಂತು. ಅದರ ಜೊತೆಗೇ ಕಾಳಿನ ಕೋಣೆಯ ಕೀಲಿಕೈ. ಎರಡೂ ಒಟ್ಟಿಗೇ ಬರುತ್ತಿದ್ದವು, ಒಟ್ಟಿಗೇ ಹೋಗುತ್ತಿದ್ದವು. ಇದನ್ನು ಯಾರೂ ನಿಯಮ ಎಂದು ಹೇಳಿದ್ದಿಲ್ಲ. ಬಗಲ ಮನೆಯ ಕಲ್ಲವ್ವನನ್ನು ನೋಡಿದರೆ ಸಾಕಿತ್ತು. ಆಯಿಯ ಓರಗೆಯವಳು, ಒಂದು ಕಾಲಕ್ಕೆ ಇಡೀ ಓಣಿಯನ್ನು ಗದರಿಸುತ್ತಿದ್ದವಳು, ಹಲ್ಲು ಹೋದ ಮೇಲೆ ದಿನವಿಡೀ ಕಟ್ಟೆಯ ಮೇಲೆ ನುಚ್ಚಿನ ಬಟ್ಟಲು ಹಿಡಿದು ಕೂತಿರುತ್ತಿದ್ದಳು. ಆಯಿ ಆಕೆಯನ್ನು ಮಾತಾಡಿಸದೆ ಬಿಡುತ್ತಿರಲಿಲ್ಲ.

"ಏನ ಕಲ್ಲವ್ವಾ, ಇವತ್ತರ ಸೊಸಿ ನುಚ್ಚಿಗೆ ಮಜ್ಜಿಗಿ ಹಾಕ್ಯಾಳೊ ಇಲ್ಲೊ?"

"ಹಾಕ್ಯಾಳವಾ. ನೀರಿನಂಥಾದ್ದು."

"ಕೇಳಬೇಕಿಲ್ಲ ಮತ್ತ."

"ಕೇಳಿದ್ರ ನಾಳೆ ಅದೂ ಇಲ್ಲ. ನಿನ್ನ ಹಲ್ಲ ಇರೂತನಾ ನಗು, ಬಸಲಿಂಗವ್ವಾ. ನಾ ಬ್ಯಾಡ ಅನ್ನೂದಿಲ್ಲ."

ಆಯಿ ನಗುತ್ತಿದ್ದಳು. ಆ ನಗುವಿನಲ್ಲಿ ಅವಳ ಹಲ್ಲು ಕಪ್ಪಾಗಿ ಮಿಂಚುತ್ತಿದ್ದವು. ಅದು ಮಿಶ್ರಿಯ ಕಪ್ಪು. ತಂಬಾಕಿನ ಎಲೆಯನ್ನು ರೊಟ್ಟಿಯ ಹಂಚಿನ ಮೇಲೆ ಕರಕಾಗುವಂತೆ ಹುರಿದು, ಕುಟ್ಟಿ, ಹಿತ್ತಾಳೆಯ ಡಬ್ಬಿಯಲ್ಲಿ ಇಟ್ಟುಕೊಂಡು, ಬೆರಳಿನಿಂದ ಹಲ್ಲಿಗೂ ವಸಡಿಗೂ ತಿಕ್ಕುವುದು ನಮ್ಮ ಕಡೆಯ ಹೆಂಗಸರ ಮುಂಜಾವಿನ ಮೊದಲ ಕೆಲಸ. ನಮ್ಮಂಥ ಹುಡುಗಿಯರಿಗೆ ಕುಳ್ಳಿನ ಬೂದಿ ಮತ್ತು ಉಪ್ಪು. ಅಪ್ಪನಿಗೆ ಬೇವಿನ ಕಡ್ಡಿ. ಮಿಶ್ರಿ ತಿಕ್ಕಿದರೆ ಹಲ್ಲು ಗಟ್ಟಿ ಎಂದು ಆಯಿ ನಂಬಿದ್ದಳು. ತಿಕ್ಕಿದ ಮೇಲೆ ನೋವು ತುಸು ಹೊತ್ತು ಮರೆತುಹೋಗುತ್ತಿದ್ದುದರಿಂದ ಆ ನಂಬಿಕೆ ಇನ್ನಷ್ಟು ಬಲವಾಗಿರಬೇಕು. ಮೊದಲು ಬೆಳಿಗ್ಗೆ ಒಂದು ಸಲ ಇದ್ದದ್ದು ಎರಡಾಯಿತು, ಮೂರಾಯಿತು, ಊಟದ ಮುಂಚೆ ಒಮ್ಮೆ, ಊಟದ ನಂತರ ಒಮ್ಮೆ ಆಯಿತು. ಅವಳ ಬಾಯಿಂದ ಹೊಲಸು ವಾಸನೆ ಬರುತ್ತಿತ್ತು. ಮಲಗುವಾಗ ನಾನು ಅವಳ ಬೆನ್ನಿಗೆ ಮುಖ ಮಾಡುತ್ತಿದ್ದೆ. ಮುದುಕಿಯಾದರೆ ಬಾಯಿ ನಾರುತ್ತದೆ, ಮುದುಕಿಯಾದರೆ ಹಲ್ಲು ಅಲ್ಲಾಡುತ್ತವೆ, ಕೂದಲು ಹಣ್ಣಾದ ಹಾಗೆ ಎಂದೇ ಮನೆಯವರೆಲ್ಲ ತಿಳಿದಿದ್ದರು. ಈಗ ನನಗೆ ಅರವತ್ತು ದಾಟಿದೆ. ಧಾರವಾಡದಲ್ಲಿ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂರುತ್ತೇನೆ. ವಯಸ್ಸಾಯಿತೆಂದು ಹಲ್ಲು ಹೋಗುವುದಿಲ್ಲ, ಯಾರೂ ನೋಡದೆ ಬಿಟ್ಟದ್ದಕ್ಕೆ ಹೋಗುತ್ತವೆ ಎಂದು ಆತ ಮೊದಲ ದಿನ ಸಹಜವಾಗಿ ಹೇಳಿದಾಗ ಬಾಯಿ ಮುಚ್ಚಿಕೊಂಡು ಕುರ್ಚಿಯಿಂದ ಇಳಿದುಬಿಡಬೇಕು ಅನ್ನಿಸಿತ್ತು. ನಮ್ಮ ಮನೆಯಲ್ಲಿ ನೋಡಿದವಳು ಒಬ್ಬಳಿದ್ದಳು. ಅದು ನಾನು.

ಊಟಕ್ಕೆ ನಾನು ಆಯಿಯ ಮಗ್ಗುಲಲ್ಲಿ ಕೂರುತ್ತಿದ್ದೆ. ಆಕೆ ಗೋಡೆಯ ಕಡೆ ಮುಖ ಮಾಡಿ ಕೂತು, ರೊಟ್ಟಿಯ ನಡುವಿನ ಮೆತ್ತನೆಯ ಭಾಗವನ್ನು ಮಜ್ಜಿಗೆಯಲ್ಲಿ ಅದ್ದಿ ನುಂಗಿ, ಅಂಚಿನ ಗಟ್ಟಿಯನ್ನೆಲ್ಲ ಸೆರಗಿನ ಮರೆಯಲ್ಲಿ ನನ್ನ ತಾಟಿಗೆ ದಾಟಿಸುತ್ತಿದ್ದಳು. ನಾನು ತಿನ್ನುತ್ತಿದ್ದೆ. ಕೂಸು ಮೈ ಹಿಡಿದಿದೆ ಎಂದು ಅವ್ವ ಸಂತೋಷಪಡುತ್ತಿದ್ದಳು. ಆಯಿ ತೆಳ್ಳಗಾದಳು. ಆಮೇಲೆ ಒಂದು ಸೋಮವಾರದಿಂದ ರಾತ್ರಿಯ ಊಟ ಬಿಟ್ಟು, ಒಪ್ಪತ್ತು ಹಿಡಿದಿದ್ದೇನೆ ಎಂದಳು. ಓಣಿಯ ಹೆಂಗಸರು ಆಕೆಯ ಭಕ್ತಿಯನ್ನು ಹೊಗಳಿದರು. ಆಕೆ ಆ ಹೊಗಳಿಕೆಯನ್ನು ಬೇಡ ಎನ್ನಲಿಲ್ಲ. ಒಂದು ಮಧ್ಯಾಹ್ನ, ಅವ್ವ ಹೊಲಕ್ಕೆ ಬುತ್ತಿ ತೆಗೆದುಕೊಂಡು ಹೋದಾಗ, ಉಗರಗೋಳದ ಒಬ್ಬ ಹೆಂಗಸು ಬಂದಳು. ಹಲ್ಲಿನ ಹುಳ ತೆಗೆಯುವುದು ಅವಳ ಕಸುಬು. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಉದುರಿಸಿ, ಹೊಗೆಯನ್ನು ಕೊಳವೆಯಿಂದ ಆಯಿಯ ದವಡೆಗೆ ಬಿಟ್ಟಳು. ಆಯಿಯ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯಿತು. ಕೆಳಗಿಟ್ಟ ನೀರಿನ ಬಟ್ಟಲಲ್ಲಿ ಸಣ್ಣ ಬಿಳಿಯ ಎಳೆಗಳು ತೇಲಿದವು. "ನೋಡವಾ, ಹನ್ನೊಂದು ಹುಳ" ಎಂದು ಅವಳು ತೋರಿಸಿದಳು. ಅವು ಬೀಜದೊಳಗಿನ ಮೊಳಕೆಗಳು ಎಂದು ನನಗೆ ಕಾಲೇಜಿನಲ್ಲಿ ಯಾರೋ ಹೇಳಿದರು. ಆವತ್ತು ನಾನು ಎಣಿಸಿದೆ, ನಂಬಿದೆ. ಅವಳು ಹೋದ ಮೇಲೆ ಆಯಿ ನನ್ನ ಗದ್ದ ಹಿಡಿದು ಹೇಳಿದಳು:

"ಯಾರ ಮುಂದೂ ಬಾಯಿ ಬಿಡಬ್ಯಾಡ ನೀಲಾ. ನಿಮ್ಮವ್ವನ ಮುಂದಂತೂ ಬ್ಯಾಡ."

"ಯಾಕ ಆಯಿ?"

"ಆಕಿಗೆ ಗೊತ್ತಾದ್ರ ನನ್ನೂ ಕಲ್ಲವ್ವನ ಬಾಜೂಕ ಕುಂಡ್ರಸತಾಳ."

ಅವ್ವ ಹಾಗೆ ಮಾಡುತ್ತಿದ್ದಳೇ? ಅವ್ವ ಬಂದು ಹತ್ತು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವಳು ಬಡಿದ ರೊಟ್ಟಿಯನ್ನು ಆಯಿ ಒಂದು ದಿನವೂ ಒಳ್ಳೆಯದಾಗಿದೆ ಎಂದದ್ದು ನಾನು ಕೇಳಿಲ್ಲ. ದಪ್ಪವಾಯಿತು, ಹಸಿ ಉಳಿಯಿತು, ಸೀದಿತು. ಅವ್ವ ತಿರುಗಿ ಆಡುತ್ತಿರಲಿಲ್ಲ. ಅವಳ ಸಿಟ್ಟೆಲ್ಲ ರೊಟ್ಟಿ ಬಡಿಯುವ ಸದ್ದಿನಲ್ಲಿತ್ತು. ಎತ್ತುಗಳು ಕೂಡ ಕಿವಿ ನಿಮಿರಿಸುತ್ತಿದ್ದವು. ಆಯಿ ಹೆದರಿದ್ದರಲ್ಲಿ ಅರ್ಥವಿಲ್ಲದಿರಲಿಲ್ಲ. ಆದರೆ ಒಂದು ದಿನ, ಆಯಿ ಕೇಳದೆಯೇ, ಅವ್ವ ಅವಳ ತಾಟಿಗೆ ಅಂಚು ತೆಗೆದ ಬಿಸಿರೊಟ್ಟಿ ಹಾಕಿದ್ದಳು ಎಂಬ ನೆನಪೂ ನನಗಿದೆ. ಇದು ಆಯಿಯ ಹಲ್ಲಿನ ಗುಟ್ಟು ಬಯಲಾಗುವ ಮೊದಲೋ ಆದ ಮೇಲೋ ಎಂಬುದೇ ಮುಖ್ಯ, ಅದೇ ನೆನಪಾಗುವುದಿಲ್ಲ.

ಆ ವರ್ಷ ಕಣದಲ್ಲಿ ರಾಶಿಯಾದ ಮೇಲೆ ಅಡ್ಡಮಳೆ ಬಿತ್ತು. ಕಾಳನ್ನು ಮನೆಗೆ ತಂದು ಅಂಗಳದಲ್ಲಿ ಹರವಿ ಒಣಗಿಸಿದರು. ಒಣಗಿಸುವ ಕೆಲಸ ಅವ್ವನದು. ಬೆಳಗಿನ ಇಬ್ಬನಿ ಆರಿದ ಮೇಲೆ ತೆರೆಯುವುದು, ಹೊತ್ತು ಮುಳುಗುವ ಮೊದಲು ಗೋಣಿತಟ್ಟು ಹೊದಿಸುವುದು, ನಡುವೆ ಕಾಲಿನಿಂದ ಸಾಲು ಎಳೆದು ಕಾಳು ತಿರುವುವುದು. ನಾನು ದಿನ ಎಣಿಸುತ್ತಿದ್ದೆ, ಏಕೆಂದರೆ ಹಗೇವು ಮುಚ್ಚಿದ ಮರುದಿನ ಅವ್ವ ನನ್ನನ್ನು ಸಂಗೊಳ್ಳಿಯ ಮಾವನ ಮನೆಗೆ ಕರೆದೊಯ್ಯುವವಳಿದ್ದಳು. ಇದನ್ನು ಹತ್ತೊಂಬತ್ತರಲ್ಲಿ ಬರೆದ ಆ ಎರಡು ಪುಟಗಳಲ್ಲಿ ನಾನು ಎಲ್ಲಿಯೂ ಬರೆದಿಲ್ಲ. ಕೊನೆಗೆ ಒಂದು ಬೆಳಿಗ್ಗೆ ನಮ್ಮ ಆಳು ಫಕೀರಪ್ಪ ಹಗೇವಿಗೆ ಸೊಪ್ಪೆ ಒತ್ತಿ ಮೇಲೆ ಬಂದ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಫಕೀರಪ್ಪ ರಾಶಿಯ ಒಳಗೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆದು ತಾಟಿನಲ್ಲಿಟ್ಟು ಆಯಿಯ ಮುಂದೆ ಹಿಡಿದ. ಪ್ರತಿ ವರ್ಷ ಆ ಕ್ಷಣದಲ್ಲಿ ಎಲ್ಲರೂ ಸುಮ್ಮನಾಗುತ್ತಿದ್ದರು, ಆ ಕಟ್ ಎಂಬ ಸದ್ದಿಗಾಗಿ.

"ಕಡೀರಿ ಅವ್ವಾರ" ಎಂದ ಫಕೀರಪ್ಪ.

ಆಯಿ ತಾಟು ತೆಗೆದುಕೊಂಡು ಎದ್ದಳು. "ಇಲ್ಲಿ ಗಾಳಿ ಭಾಳ ಐತಿ. ದೇವರ ಮುಂದ ನೋಡತೇನಿ. ನೀಲಾ, ಬಾ, ದೀಪ ಹಚ್ಚು."

ದೇವರ ಕೋಣೆಯಲ್ಲಿ ಹಗಲಿನಲ್ಲೂ ಮಬ್ಬು. ಆಯಿ ಬಾಗಿಲು ಮುಂದೆ ಮಾಡಿ ಮೂರು ಕಾಳನ್ನು ನನ್ನ ಅಂಗೈಗೆ ಹಾಕಿದಳು. ನನ್ನ ಮುಂದಿನ ಎರಡು ಹಲ್ಲು ಬಿದ್ದಿದ್ದವು, ಹೊಸವು ಇನ್ನೂ ಬಂದಿರಲಿಲ್ಲ.

"ಮುಂದಿನ ಹಲ್ಲ ಬ್ಯಾಡ. ದವಡ್ಯಾಗ ಇಟ್ಟ ಕಡಿ. ಒಂದೊಂದ."

ಮೊದಲನೆಯದು ಕಟ್ ಎಂದಿತು. ಎರಡನೆಯದೂ ಕಟ್ ಎಂದಿತು. ಮೂರನೆಯದು ಹಾಗೆನ್ನಲಿಲ್ಲ. ಹಲ್ಲಿನ ನಡುವೆ ಮೆತ್ತಗೆ ಕುಳಿತುಬಿಟ್ಟಿತು, ಹಸಿಹಿಟ್ಟಿನ ರುಚಿ ನಾಲಿಗೆಗೆ ಬಂತು. ಈ ರುಚಿ ನಾನು ಆಮೇಲೆ ಕಲ್ಪಿಸಿಕೊಂಡದ್ದಿರಬಹುದು. ಆದರೆ ಮೂರನೆಯದು ಬೇರೆ ಥರ ಇತ್ತು ಎಂಬುದು ಕಲ್ಪನೆಯಲ್ಲ.

"ಕಟ್ ಅಂತೊ, ಪಚ್ ಅಂತೊ?" ಆಯಿಯ ಮುಖ ನನ್ನ ಮುಖಕ್ಕೆ ತೀರ ಹತ್ತಿರವಿತ್ತು.

"ಕಟ್ ಅಂತು."

"ಮೂರೂ?"

"ಹೂಂ. ಮೂರೂ."

ಆಯಿಯನ್ನು ಉಳಿಸಲೆಂದು ಹಾಗೆಂದೆನೇ? ಅವಳ ಮುಖದಲ್ಲಿ ಬೇಡಿಕೆ ಇತ್ತು, ಅದನ್ನು ಅಲ್ಲಗಳೆಯಲಾರೆ. ಆದರೆ ಪಚ್ ಎಂದಿದ್ದರೆ ಇನ್ನೂ ನಾಲ್ಕು ದಿನ ಒಣಗಿಸಬೇಕಾಗುತ್ತಿತ್ತು, ನಾಲ್ಕು ದಿನ ಸಂಗೊಳ್ಳಿ ಮುಂದೆ ಹೋಗುತ್ತಿತ್ತು. ಎರಡರಲ್ಲಿ ಯಾವುದು ಎಷ್ಟು ತೂಗಿತು ಎಂದು ಐವತ್ತು ವರ್ಷಗಳಿಂದ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಆಯಿ ಹೊರಗೆ ಹೋಗಿ "ಒಣಗೈತಿ, ತುಂಬರಿ" ಎಂದಳು. ನಾವು ಕೋಣೆಯಿಂದ ಹೊರಬಂದಾಗ ಅವ್ವ ನಡುಮನೆಯಲ್ಲಿ, ಬಾಗಿಲಿಗೆ ನಾಲ್ಕು ಹೆಜ್ಜೆ ದೂರದಲ್ಲಿ, ಮೊರ ಹಿಡಿದು ನಿಂತಿದ್ದಳು.

ಹಗೇವು ತೆರೆದದ್ದು ಶ್ರಾವಣದಲ್ಲಿ. ಮನೆಯ ಜೋಳ ಮುಗಿದಿತ್ತು. ಕಲ್ಲು ಸರಿಸಿ ಒಳಗಿನ ಝಳ ಹೋಗಲೆಂದು ಒಂದು ದಿನ ಬಾಯಿ ತೆರೆದಿಟ್ಟು, ಮರುದಿನ ಕಂದೀಲು ಇಳಿಬಿಟ್ಟು ನೋಡಿ, ದೀಪ ಆರಲಿಲ್ಲವೆಂದು ಫಕೀರಪ್ಪ ಹಗ್ಗ ಹಿಡಿದು ಇಳಿದ. ಕೆಳಗಿನಿಂದ ಅವನು ಕೈಯಿಂದ ಕೆದರುವ ಸದ್ದು ಬಂತು.

"ಏನಾತೊ?" ಎಂದು ಅಪ್ಪ ಬಗ್ಗಿ ಕೇಳಿದ.

"ಧಣ್ಯಾರ, ಬುಟ್ಟಿ ಬಿಡ್ರಿ. ನೀವ ನೋಡ್ರಿ."

ಬುಟ್ಟಿಯಲ್ಲಿ ಬಂದದ್ದು ಕಾಳಲ್ಲ, ಕಪ್ಪು ಹೆಂಟೆ. ಮುರಿದರೆ ಒಳಗೆ ಬೂಷ್ಟು. ಇಡೀ ಹಗೇವು ಕೆಟ್ಟಿರಲಿಲ್ಲ, ಮೇಲಿನ ಪದರ ಮತ್ತು ಒಂದು ಮಗ್ಗುಲು. ಆದರೂ ಅರ್ಧಕ್ಕರ್ಧ ಹೋಗಿತ್ತು. ಆ ನಾತಕ್ಕೆ ಓಣಿಯ ಜನ ಬಂದು ನಿಂತರು. ಅಪ್ಪ ಹೆಂಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದ.

"ಯವ್ವಾ, ನೀ ಕಡದ ನೋಡಿದ್ದೆಲ್ಲ?"

"ನಾ ಕಡದಾಗ ಛಲೋ ಇತ್ತಪಾ. ಮುಂದ ಎರಡ ದಿನಾ ತುಂಬೂತನಾ ಹೊದಿಸಿದ್ರೊ ಇಲ್ಲೊ, ನನಗೇನ ಗೊತ್ತು."

ಅಪ್ಪ ಅವ್ವನ ಕಡೆ ತಿರುಗಿದ. ಅವ್ವ ಹೇಳಿದಳು: "ದಿನಾ ಸಂಜಿಮುಂದ ನಾನ ಹೊದಿಸೇನ್ರಿ. ಇಬ್ಬನಿ ಆರೂತನಾ ತಗದಿಲ್ಲ."

"ಹಂಗಾರ ಕಾಳು ಸಿಟ್ಟಿಗೆದ್ದು ತಾನ ಕೆಟ್ಟೈತೇನು?" ಎಂದ ಅಪ್ಪ.

ಯಾರೋ ನಕ್ಕರು. ಆಯಿ ನನ್ನ ಕಡೆ ನೋಡಲಿಲ್ಲ, ನಾನು ಆಯಿಯ ಕಡೆ ನೋಡಲಿಲ್ಲ. ಅವ್ವ ಒಳಗೆ ಹೋದಳು. ಅಂದಿನಿಂದ ಕಾಳಿನ ಕೋಣೆಗೆ ಅವ್ವ ಕಾಲಿಡುವುದು ನಿಂತಿತು. ಆಯಿಯೇ ಅಳೆದು ಕೊಟ್ಟದ್ದನ್ನು ಬೀಸಬೇಕು. ಬಾವಿಯ ಬಳಿ ಹೆಂಗಸರು ಅವ್ವನಿಗೆ "ಪಾರೋತಿ, ನಮ್ಮ ಹಪ್ಪಳಕ್ಕ ಕೈ ಹಚ್ಚಬ್ಯಾಡವಾ, ಹಸಿ ಹಿಡದಾವು" ಎಂದು ಚಾಷ್ಟಿ ಮಾಡಿದರು. ಕೆಟ್ಟ ಕಾಳನ್ನು ಮೂರು ಸಲ ತೊಳೆದು ಒಣಗಿಸಿ ಬೀಸಿ, ಅದರ ರೊಟ್ಟಿಯನ್ನು ಅವ್ವನೊಬ್ಬಳೇ ತಿಂದಳು, ನಮಗೆಲ್ಲ ಒಳ್ಳೆಯದರ ರೊಟ್ಟಿ. ಹಾಗೆ ಮಾಡು ಎಂದು ಯಾರು ಹೇಳಿದರು? ಆಯಿಯೇ, ಅಪ್ಪನೇ, ಅಥವಾ ಅವ್ವ ತಾನೇ ಹಟ ಹಿಡಿದಳೇ? ನನಗೆ ನೆನಪಿರುವುದು ಆ ರೊಟ್ಟಿಯ ಬೂದಿಬಣ್ಣ, ಮತ್ತು ಅವ್ವ ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಿದ್ದುದು. ಒಂದು ದಿನ ಒಲೆಯ ಮುಂದೆ ನಾವಿಬ್ಬರೇ ಇದ್ದಾಗ ನನಗೆ ತಡೆಯಲಾಗಲಿಲ್ಲ.

"ಅವ್ವಾ, ಆವತ್ತ ದೇವರ ಕ್ವಾಣ್ಯಾಗ ಆಯಿ..."

"ಸುಮ್ನ ಉಣ್ಣು."

"ಅಲ್ಲವಾ, ಆಯಿ ಕಾಳು..."

"ಉಣ್ಣಂದ್ನಿ. ತಾಟಿನ್ಯಾಗ ಏನೈತಿ ಅದನ್ನ ನೋಡು."

ನಾನು ಉಂಡೆ. ಆ ಮೇಲೆ ಎಂದೂ ಆ ಮಾತು ಎತ್ತಲಿಲ್ಲ. ಎತ್ತದಿರಲು ಒಂದು ಕಾರಣ ಸಿಕ್ಕಿತೆಂದು ಒಳಗೊಳಗೇ ಹಗುರಾದೆ ಕೂಡ.

ಮಳೆಗಾಲ ಮುಗಿಯುವ ಹೊತ್ತಿಗೆ ಆಯಿಯ ಎಡಗೆನ್ನೆ ಬಾತಿತು. ಗಾಳಿ ಹೊಡೆದಿದೆ ಎಂದಳು. ಎಕ್ಕದ ಹಾಲು ಹಚ್ಚಿಕೊಂಡು ಕೆನ್ನೆಯ ಒಳಗೆ ಸುಟ್ಟುಕೊಂಡಳು. ಮೂರನೆಯ ದಿನ ಕಣ್ಣು ಮುಚ್ಚಿಹೋಗುವಷ್ಟು ಬಾತು, ಜ್ವರ ಏರಿ, ಬಾಯಿ ತೆರೆಯಲಾಗದೆ ನೀರೂ ಇಳಿಯದಾಯಿತು. ಆಗ ಅಪ್ಪ ಬಂಡಿ ಕಟ್ಟಿಸಿದ. ಬೈಲಹೊಂಗಲದ ದವಾಖಾನೆಯಲ್ಲಿ ಡಾಕ್ಟರ ಸಾಹೇಬರು ಆಯಿಯ ಬಾಯಿಯನ್ನು ಚಮಚದಿಂದ ಸ್ವಲ್ಪ ಸ್ವಲ್ಪವೇ ತೆರೆಸಿ, ಕನ್ನಡಿಯಿಂದ ಬಿಸಿಲು ಬಿಟ್ಟು ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ, ಅಥವಾ ನಿಂತಿದ್ದೆ ಎಂದುಕೊಂಡಿದ್ದೇನೆ. ಅವ್ವ ನೀರಿನ ಚರಗಿ ಹಿಡಿದಿದ್ದಳು.

"ಎಷ್ಟ ದಿನಾ ಆತು ಅಜ್ಜಿ?"

ಆಯಿ ನಾಲ್ಕು ಬೆರಳು ತೋರಿಸಿದಳು.

"ನಾಕು ದಿನ ಅಲ್ಲ ಇದು, ನಾಕು ವರ್ಷದ್ದು." ಅವರು ಅಪ್ಪನ ಕಡೆ ತಿರುಗಿದರು. "ದವಡ್ಯಾಗ ಒಂದೂ ಹಲ್ಲಿಲ್ಲರಿ, ಬರೇ ಬೇರು, ಕೀವು. ಈ ಬಾಯಿಲೆ ರೊಟ್ಟಿ ಬಿಡ್ರಿ, ನೆನದ ಅವಲಕ್ಕಿ ಸೈತ ಅಗಿಯಾಕ ಆಗಿಲ್ಲ, ಕಡಿಮಿ ಅಂದ್ರ ಒಂದ ವರ್ಷದಿಂದ. ಮನ್ಯಾಗ ಯಾರೂ ನೋಡಿಲ್ಲೇನು?"

ಹಗೇವಿನ ಮಾತು ಅಪ್ಪನಿಗೆ ಹೊಳೆಯಿತೋ ಇಲ್ಲವೋ ನನಗೆ ಎಂದೂ ಗೊತ್ತಾಗಲಿಲ್ಲ. ಗಂಡಸರು ಅಂಥ ಲೆಕ್ಕವನ್ನು ಮನಸ್ಸಿನಲ್ಲೇ ಮುಗಿಸಿಬಿಡುತ್ತಿದ್ದರು. ಅವ್ವ ಚರಗಿಯನ್ನು ನೆಲಕ್ಕಿಟ್ಟಳು. ಡಾಕ್ಟರರು ಕೀವು ತೆಗೆದರು, ಬೇರುಗಳನ್ನೂ ಮುಂದೆ ಉಳಿದಿದ್ದ ಅಲ್ಲಾಡುವ ಹಲ್ಲುಗಳನ್ನೂ ಕಿತ್ತರು, ಹಲವು ಸಲ ಹೋಗಬೇಕಾಯಿತು. ಕೊನೆಯ ಸಲ ಹೋದಾಗ, ಮಿಶ್ರಿ ಬಿಡಬೇಕು, ದಿನಾ ಬೆಚ್ಚಗಿನ ಉಪ್ಪುನೀರಿನಿಂದ ಮುಕ್ಕಳಿಸಬೇಕು, ಅರಿವೆ ಸುತ್ತಿದ ಬೆರಳಿನಿಂದ ವಸಡು, ನಾಲಿಗೆ ಒರೆಸಬೇಕು ಎಂದರು. ಆಯಿ ಆಗ ತೊದಲುತ್ತಲೇ ಕೇಳಿದ ಮಾತು ನನಗೆ ನೆನಪಿದೆ.

"ಹಲ್ಲಿಲ್ಲದ ಬಾಯಾಗ ಏನ ತೊಳೀಲಿ ಸಾಹೇಬ್ರ?"

"ಹಲ್ಲಿಲ್ಲಾಂದ್ರೂ ಬಾಯಿ ಐತೆಲ್ಲ ಅಜ್ಜಿ."

ಮನೆಗೆ ಬಂದ ಸಂಜೆ ಆಯಿ ಕೀಲಿಕೈಯನ್ನು ಬಿಚ್ಚಿ ಅವ್ವನ ಮುಂದೆ ನೆಲದ ಮೇಲೆ ಇಟ್ಟಳು. ಕೊಡುತ್ತೇನೆ ಎನ್ನಲಿಲ್ಲ, ತಪ್ಪಾಯಿತು ಎನ್ನಲಿಲ್ಲ. ಅವ್ವ ರೊಟ್ಟಿಯ ಹಿಟ್ಟು ಮೆತ್ತಿದ ಕೈಯನ್ನು ತೊಳೆದುಕೊಂಡು ಬಂದು ಅದನ್ನು ಎತ್ತಿಕೊಂಡಳು. ಆಯಿ ಕಲ್ಲವ್ವನ ಹಾಗೆ ಕಟ್ಟೆಗೆ ಹೋಗಿ ಕೂರುತ್ತಾಳೆಂದು ನಾನು ಕಾದೆ. ಅವ್ವ ಅವಳನ್ನು ಅಡುಗೆಮನೆಯಲ್ಲೇ, ಒಲೆಯ ಬೆಚ್ಚಗೆ ತಗಲುವ ಜಾಗದಲ್ಲಿ ಕೂರಿಸಿದಳು. ಬಿಸಿರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ, ಬೇಳೆಯನ್ನು ನುಣ್ಣಗೆ ಅರೆದು ಹಾಕಿ ಕೊಡುತ್ತಿದ್ದಳು. ಪ್ರತಿದಿನ ಬೆಳಿಗ್ಗೆ ಉಪ್ಪುನೀರು ಕಾಸಿ, ತನ್ನ ತೋರುಬೆರಳಿಗೆ ಹಳೆಯ ಧೋತರದ ಚೂರು ಸುತ್ತಿ, ಆಯಿಯ ಬಾಯೊಳಗೆ ಹಾಕಿ ಒರೆಸುತ್ತಿದ್ದಳು. ಆಯಿ ಕಣ್ಣು ಮುಚ್ಚಿ ಬಾಯಿ ತೆರೆದು ಕೂರುತ್ತಿದ್ದಳು. ಇದನ್ನು ಕ್ಷಮೆ ಎಂದು ಕಾಲೇಜಿನ ದಿನಗಳಲ್ಲಿ ಬರೆದಿದ್ದೇನೆ. ಈಗ ಆ ಶಬ್ದ ಹೊಡೆದುಹಾಕಿದ್ದೇನೆ. ಅವ್ವನ ಬೆರಳು ಒತ್ತಿ ಒತ್ತಿ ಒರೆಸುತ್ತಿತ್ತು. ಆಯಿಯ ಕಣ್ಣಂಚಿನಲ್ಲಿ ನೀರು ಬರುತ್ತಿತ್ತು, ನೋವಿಗೋ ಇನ್ನೊಂದಕ್ಕೋ ಹೇಳಲಾರೆ. ಆದರೆ ಅವಳ ಬಾಯಿಯ ವಾಸನೆ ಹೋಯಿತು, ಮೈಯಲ್ಲಿ ಮಾಂಸ ಬಂತು, ಒಪ್ಪತ್ತು ಬಿಟ್ಟಳು. ನಾನು ಮತ್ತೆ ಅವಳ ಮುಖದ ಕಡೆ ತಿರುಗಿ ಮಲಗತೊಡಗಿದೆ.

ಮರುವರ್ಷ ಮಳೆಯ ಕಾಟವಿರಲಿಲ್ಲ. ಕಾಳು ಕಲ್ಲಿನಂತೆ ಒಣಗಿತ್ತು. ಫಕೀರಪ್ಪ ತಾಟು ತಂದು, ಈಗ ಯಾರ ಮುಂದೆ ಹಿಡಿಯಬೇಕೆಂದು ತಿಳಿಯದೆ ನಿಂತ. ಕೀಲಿಕೈ ಅವ್ವನ ಸೊಂಟದಲ್ಲಿತ್ತು, ಹಾಗಾಗಿ ಅವ್ವನೇ ಕಡಿಯುತ್ತಾಳೆಂದು ಎಲ್ಲರೂ ಅವಳ ಕಡೆ ನೋಡಿದರು. ಅವ್ವ ತಾಟು ತೆಗೆದುಕೊಂಡು ನೇರ ನನ್ನ ಮುಂದೆ ಬಂದು ಹಿಡಿದಳು.

"ನೀಲಾ, ನೀ ಕಡದು ಹೇಳು."

ಅಪ್ಪ ನಕ್ಕ. "ಆ ಕೂಸಿಗೇನ ತಿಳೀತೈತಿ?"

"ಆಕಿಗೆ ತಿಳೀತೈತಿ" ಎಂದಳು ಅವ್ವ.

ಕಟ್ಟೆಯ ಮೇಲೆ ಕೂತ ಆಯಿ ತನ್ನ ಮಡಿಲನ್ನು ನೋಡಿಕೊಳ್ಳುತ್ತಿದ್ದಳು. ನಾನು ಒಂದು ಕಾಳು ಕಡಿದೆ, ಎರಡು, ಮೂರು. ಎಲ್ಲವೂ ಕಟ್ ಎಂದವು. ಮತ್ತೆ ಕಡಿದೆ. ರಾಶಿಯ ಬೇರೆ ಬೇರೆ ಕಡೆಯಿಂದ ತರಿಸಿ ಕಡಿದೆ, ದವಡೆ ನೋಯುವ ತನಕ. ಜನ ಬೇಸತ್ತರು. "ಒಣಗೈತಿ" ಎಂದು ಕೊನೆಗೆ ನಾನು ಹೇಳಿದಾಗ ನನ್ನ ದನಿ ನನಗೇ ಕೇಳಿಸಲಿಲ್ಲ. ಅಂದಿನಿಂದ ಇಂದಿನವರೆಗೆ ಯಾವ ಮಾತನ್ನಾದರೂ ಖಾತ್ರಿಯಿಂದ ಹೇಳಬೇಕಾದರೆ ನನಗೆ ಅದೇ ಅಂಗಳದಲ್ಲಿ ನಿಂತ ಹಾಗಾಗುತ್ತದೆ. ಪರೀಕ್ಷೆಯ ಉತ್ತರವನ್ನು ಮೂರು ಸಲ ತಿದ್ದಿದ್ದು, ಬಂದ ಸಂಬಂಧಕ್ಕೆ ಹೂಂ ಎನ್ನಲು ವರ್ಷ ತೆಗೆದುಕೊಂಡದ್ದು, ದಿನಚರಿ ಬರೆಯುವ ಈ ಚಟ, ಎಲ್ಲಕ್ಕೂ ಅಲ್ಲಿಯೇ ಮೊದಲು.

ಆಯಿ ಇನ್ನೆರಡು ವರ್ಷ ಬದುಕಿದಳು. ಅವಳನ್ನು ನಾನು ಏನೂ ಕೇಳಲಿಲ್ಲ, ಕೇಳುವುದಕ್ಕೆ ಏನೂ ಇರಲಿಲ್ಲ. ಅವಳು ಮಾಡಿದ್ದು ಏಕೆಂದು ನನಗೆ ಗೊತ್ತು. ಗೊತ್ತಿಲ್ಲದ್ದು ಅವ್ವನದು. ದವಾಖಾನೆಯಲ್ಲಿ ಚರಗಿ ಕೆಳಗಿಟ್ಟಾಗ ಅವಳಿಗೆ ಮೊದಲ ಸಲ ತಿಳಿಯಿತು ಎಂದು ಬಹಳ ವರ್ಷ ನಂಬಿದ್ದೆ. ಆದರೆ ಆಯಿ ಕಡಿಯಲಿಲ್ಲ ಎಂಬುದಷ್ಟೇ ಅಲ್ಲಿ ತಿಳಿಯಬಹುದಾಗಿತ್ತು, ಕಡಿದವಳು ನಾನು ಎಂಬುದಲ್ಲ. ಅಂಚು ತೆಗೆದ ಆ ರೊಟ್ಟಿ, ಮೊರ ಹಿಡಿದು ನಿಂತ ಆ ಜಾಗ, ಒಲೆಯ ಮುಂದೆ ನನ್ನ ಮಾತನ್ನು ತುಂಡರಿಸಿದ್ದು, ಇವನ್ನು ಒಂದರ ಪಕ್ಕ ಒಂದಿಟ್ಟರೆ ನನಗೆ ಹೆದರಿಕೆಯಾಗುತ್ತದೆ. ಕಳೆದ ತಿಂಗಳು ಸವದತ್ತಿಗೆ, ತಮ್ಮನ ಮನೆಗೆ ಹೋಗಿದ್ದೆ. ಅವ್ವನಿಗೆ ಎಂಬತ್ತು ದಾಟಿದೆ. ಕಿವಿ ಚುರುಕು, ನೆನಪು ನನಗಿಂತ ಚೆನ್ನಾಗಿದೆ. ಮುಂಜಾನೆ ಹಿತ್ತಲ ಕಲ್ಲಿನ ಮೇಲೆ ಕೂತು ಬಾಯಿ ತೊಳೆಯುತ್ತಿದ್ದಳು, ಸಾವಕಾಶವಾಗಿ, ಒಳಗೂ ಹೊರಗೂ. ಅವಳು ಮುಗಿಸುವ ತನಕ ಕಾದು, ಪಕ್ಕದಲ್ಲಿ ಕೂತು ಕೇಳಿದೆ. ಅವಳು ನನ್ನ ಮುಖವನ್ನು ನೋಡಿದಳು, ಬಿಸಿಲು ನೋಡಿದಳು, ಎದ್ದು ಒಳಗೆ ಹೋದಳು. ಮೂರು ದಿನ ಅಲ್ಲಿದ್ದೆ; ಬೇರೆಲ್ಲ ಮಾತಾಡಿದಳು, ಇದೊಂದನ್ನು ಬಿಟ್ಟು. ಆಮೇಲೆ ಅವಳು ತಮ್ಮನಿಂದ ಬರೆಸಿದ ಎರಡು ಪತ್ರಗಳಲ್ಲೂ ಅದರ ಸುದ್ದಿಯಿಲ್ಲ. ನಾನು ಕೇಳಿದ್ದು ಇಷ್ಟೇ:

"ಅವ್ವಾ, ನಾವು ದೇವರ ಕ್ವಾಣ್ಯಾಗ ಇದ್ದಾಗ ಮೂರನೇ ಕಾಳಿನ ಸಪ್ಪಳ ನಿನಗ ಕೇಳಿತ್ತೇನು? ಕೇಳಿದ್ರ, ಹಗೇವು ತುಂಬಾಕ ಯಾಕ ಬಿಟ್ಟಿ?"